ಓದುಗರ ಪ್ರಶ್ನೆ: ವ್ಯಾನ್ ಮೇಲೆ ಸೋಲಾರ್, ವ್ಯಾನ್ ಒಳಗೆ ಮನೆ

ಹೋದ ಸಂಚಿಕೇಲಿ ಮನೆ ಮೇಲಿನ ಸೋಲಾರ್ ಬಗ್ಗೆ ಬರೆದಿದ್ದೆ, ಕೊನೇಲಿ ನನ್ನ ಹಳೇ ವ್ಯಾನಿಗೂ ಒಂದು ಪ್ಯಾನಲ್ ಹಾಕ್ಕೊಂಡು ಓಡಾಡ್ತೀನಿ ಅಂತ ಒಂದೇ ಒಂದು ಸಾಲು ಸೇರಿಸಿದ್ದೆ. ಈ ಸಲ ಬಂದಿರೋ ಕಾಗದಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನ ಬಗ್ಗೇನೇ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆಯಿಂದ ಬಂದಿದೆ, ಹಂಗಾಗಿ ಈ ತಿಂಗಳು ಪೂರ್ತಿ ಅದಕ್ಕೇ ಬಿಟ್ಟಿದೀನಿ. ಒಂದೊಂದು ಕಾಗದದ ಕೆಳಗೇ ನನ್ನ ಉತ್ತರ ಇದೆ.

ನಾನು ರಿಟೈರ್ಡ್ ಮೇಷ್ಟ್ರು, ತುಮಕೂರು. 12 ಸೀಟಿನ ಹಳೇ ವ್ಯಾನ್ ತಗೊಂಡಿದೀನಿ, ಸೀಟ್ ತೆಗೆಸಿ ಮಂಚ, ಚಿಕ್ಕ ಅಡುಗೆ ಕಟ್ಟೆ ಮಾಡಿಸಬೇಕು ಅಂತಿದೀವಿ, ನಾನು ನಮ್ಮನೆಯವರು ಇಬ್ರೇ ಊರೂರು ಸುತ್ತಬೇಕು. ಅವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಇಡೋಕೆ ಫ್ರಿಜ್ ಬೇಕೇ ಬೇಕು. ಫ್ಯಾನು, ಲೈಟು, ಮಿಕ್ಸಿ, ಎರಡು ಫೋನು ಅಷ್ಟೇ. ಒಬ್ಬರು 540 ವ್ಯಾಟಿನ ಎರಡು ಪ್ಯಾನಲ್, 150 ಎಎಚ್ (ಆಂಪ್ ಅವರ್) ಟ್ಯೂಬುಲರ್ ಬ್ಯಾಟರಿ ಒಂದು ಸಾಕು ಅಂದಿದಾರೆ. ಸರೀನಾ?

ಮೇಷ್ಟ್ರೇ, ಪ್ಯಾನಲ್ ಜಾಸ್ತಿ ಆಯ್ತು, ಬ್ಯಾಟರಿ ಕಮ್ಮಿ ಆಯ್ತು. ನಮ್ಮ ಕಡೆ ಎಲ್ಲರೂ ಮಾಡೋದು ಹಿಂಗೇನೇ, ಅಂಗಡೀಲಿ ಕಣ್ಣಿಗೆ ಕಾಣೋದು ಪ್ಯಾನಲ್ಲು, ಅದನ್ನೇ ಮೊದಲು ಕೊಂಡುಬಿಡ್ತಾರೆ. ಮೊದಲು ಕೂತ್ಕೊಂಡು ಒಂದು ದಿನದ ಖರ್ಚು ಲೆಕ್ಕ ಹಾಕ್ಬೇಕು, ಸಂಸಾರದ ಲೆಕ್ಕ ಹಾಕ್ತೀವಲ್ಲ ಹಂಗೇ.

ನಿಮ್ಮ ಲೆಕ್ಕ ನಾನೇ ಹಾಕ್ತೀನಿ. 12 ವೋಲ್ಟಲ್ಲೇ ಓಡೋ ಕಂಪ್ರೆಸರ್ ಫ್ರಿಜ್ ಸುಮಾರು 45 ವ್ಯಾಟ್ ಎಳೆಯುತ್ತೆ, ಇಡೀ ದಿನ ಓಡಲ್ಲ, ಹತ್ತಿರತ್ತಿರ ಅರ್ಧ ಹೊತ್ತು ಓಡುತ್ತೆ, ಅಂದ್ರೆ 24 ಗಂಟೆಗೆ 540 ವ್ಯಾಟ್ ಅವರ್. ಡಿಸಿ ಫ್ಯಾನ್ 20 ವ್ಯಾಟ್, 10 ಗಂಟೆಗೆ 200. ನಾಲ್ಕು ಎಲ್ಇಡಿ ಲೈಟು ಸಂಜೆ ನಾಲ್ಕು ಗಂಟೆ ಉರಿದ್ರೆ 80. ಫೋನ್ ಎರಡಕ್ಕೂ 40. ಮಿಕ್ಸಿ 500 ವ್ಯಾಟ್ ಅಂತ ಹೆದರ್ಕೋಬೇಡಿ, ಚಟ್ನಿಗೆ ಆರು ನಿಮಿಷ ತಿರುಗಿಸಿದ್ರೆ 50 ಅಷ್ಟೇ. ಎಲ್ಲಾ ಕೂಡಿದ್ರೆ 900 ಚಿಲ್ಲರೆ, ಅಲ್ಲಿ ಇಲ್ಲಿ ಸೋರೋದಕ್ಕೆ 200 ಸೇರಿಸಿ, ದಿನಕ್ಕೆ 1100 ವ್ಯಾಟ್ ಅವರ್ ಅಂತ ಇಟ್ಕೊಳಿ. ಮನೆ ಮೀಟರಿನ ಭಾಷೇಲಿ ಒಂದು ಯೂನಿಟ್ ಮೇಲೆ ಸ್ವಲ್ಪ.

ನಮ್ಮ ಕಡೆ ಬಿಸಿಲು ಚೆನ್ನಾಗಿದೆ, ವರ್ಷದ ಸರಾಸರಿ ತಗೊಂಡ್ರೆ ದಿನಕ್ಕೆ 5 ಗಂಟೆ ಪೂರ್ತಿ ಬಿಸಿಲು ಸಿಕ್ಕಂಗೆ. ಆದ್ರೆ ಪ್ಯಾನಲ್ ಹಿಂದೆ ಬರೆದಿರೋ ವ್ಯಾಟು 25 ಡಿಗ್ರಿ ಶಾಖಕ್ಕೆ ಲೆಕ್ಕ, ಏಪ್ರಿಲ್‌ನಲ್ಲಿ ವ್ಯಾನಿನ ತಗಡಿನ ಮೇಲೆ ಅದು 60 ಡಿಗ್ರಿ ದಾಟುತ್ತೆ, ಅದರಲ್ಲೇ ನೂರಕ್ಕೆ 12-13 ಹೋಯ್ತು, ಮೇಲೆ ಧೂಳು, ವೈರು, ಬ್ಯಾಟರಿಗೆ ಚಾರ್ಜ್ ಹೊಂದಿಸಿ ಕೊಡೋ ಕಂಟ್ರೋಲರು. ಹಂಗಾಗಿ 100 ವ್ಯಾಟಿನ ಪ್ಯಾನಲ್ ದಿನಕ್ಕೆ 350 ವ್ಯಾಟ್ ಅವರ್ ಕೊಡುತ್ತೆ ಅಂತ ಲೆಕ್ಕ ಇಟ್ಕೊಂಡ್ರೆ ಮೋಸ ಹೋಗಲ್ಲ. ನಿಮಗೆ 320 ವ್ಯಾಟ್ ಸಾಕು, ಮೋಡ ಇದ್ರೂ ತಡೀಲಿ ಅಂತ 540ರದ್ದು ಒಂದೇ ಒಂದು ಹಾಕ್ಸಿ. ಅದು ಏಳೂವರೆ ಅಡಿ ಉದ್ದ, ಪೌಣೆ ನಾಲ್ಕಡಿ ಅಗಲ, 28 ಕೆಜಿ ಹತ್ತಿರ ತೂಕ, ನಿಮ್ಮ ವ್ಯಾನ್ ಮೇಲೆ ಆರಾಮಾಗಿ ಕೂರುತ್ತೆ.

ಎರಡು ಬೇಡ ಅನ್ನೋಕೆ ಇನ್ನೊಂದು ಕಾರಣ ಇದೆ. ಆ ಪ್ಯಾನಲ್‌ಗಳು ಒಂದೊಂದೂ ಲೋಡ್ ಇಲ್ದೇ ಇದ್ದಾಗ 49-50 ವೋಲ್ಟ್ ತೋರಿಸ್ತವೆ, ಎರಡನ್ನ ಸೀರೀಸಲ್ಲಿ, ಅಂದ್ರೆ ಒಂದರ ಹಿಂದೆ ಒಂದು, ಜೋಡಿಸಿದ್ರೆ 100ಕ್ಕೆ ಬಂದು ನಿಲ್ಲುತ್ತೆ, ಮಾರ್ಕೆಟಲ್ಲಿ ಸಾಮಾನ್ಯವಾಗಿ ಸಿಗೋ ಎಂಪಿಪಿಟಿ ಅನ್ನೋ ಬಗೆಯ ಕಂಟ್ರೋಲರಿನ ಮಿತಿ 100 ವೋಲ್ಟೇ. ಚಳಿ ಜಾಸ್ತಿ ಆದಷ್ಟೂ ಪ್ಯಾನಲ್ ವೋಲ್ಟೇಜ್ ಏರುತ್ತೆ, ಡಿಸೆಂಬರಲ್ಲಿ ನಂದಿಬೆಟ್ಟದ ಬುಡದಲ್ಲಿ ಬೆಳಗ್ಗೆ 10-12 ಡಿಗ್ರಿ ಇದ್ದಾಗ ಬಿಸಿಲು ಬಿತ್ತು ಅಂದ್ರೆ 103 ದಾಟುತ್ತೆ, ಕಂಟ್ರೋಲರ್ ಹೋಯ್ತು. ಇದನ್ನ ಹೇಳದೇ ಎರಡು ಪ್ಯಾನಲ್ ಮಾರೋರು ನಿಮ್ಮ ವ್ಯಾನಲ್ಲಿ ಮಲಗಲ್ಲ. ಒಂದು ಪ್ಯಾನಲ್ಲಿಗೆ 100 ವೋಲ್ಟ್ 40 ಆಂಪ್ ಕಂಟ್ರೋಲರ್ ಸರಿಯಾಗುತ್ತೆ. ಮತ್ತೆ ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್.

ಈಗ ಬ್ಯಾಟರಿ. 150 ಎಎಚ್ ಟ್ಯೂಬುಲರಲ್ಲಿ ಲೆಕ್ಕಕ್ಕೆ 1800 ವ್ಯಾಟ್ ಅವರ್ ಇದ್ರೂ ಅರ್ಧಕ್ಕಿಂತ ಜಾಸ್ತಿ ಬಳಸಿದ್ರೆ ಆಯಸ್ಸು ಕರಗುತ್ತೆ, ಅಂದ್ರೆ ನಿಮ್ಮ ಕೈಗೆ 900, ಒಂದು ದಿನಕ್ಕೇ ಸಾಲದು. ಅದಕ್ಕಿಂತ ಮುಖ್ಯ, ಟ್ಯೂಬುಲರ್ ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬಿಡುತ್ತೆ, ಹಳ್ಳದ ರೋಡಲ್ಲಿ ಕುಲುಕಿದ್ರೆ ಆಸಿಡ್ ತುಳುಕುತ್ತೆ, ಮನೇಲಾದ್ರೆ ವರಾಂಡದಲ್ಲಿ ಇಡ್ತೀರಿ, ಇಲ್ಲಿ ಅದು ನಿಮ್ಮ ಮಂಚದ ಕೆಳಗೆ ಇರುತ್ತೆ. ಮಲಗೋ ಜಾಗಕ್ಕೆ ಅದು ಬೇಡವೇ ಬೇಡ. ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್ 100 ಎಎಚ್, ಎರಡು ತಗೊಳಿ. ಒಂದೊಂದು 1280 ವ್ಯಾಟ್ ಅವರ್, ನೂರಕ್ಕೆ 80-90 ಧೈರ್ಯವಾಗಿ ಬಳಸಬಹುದು, ತೂಕ ಒಂದೊಂದು 12 ಕೆಜಿ ಆಸುಪಾಸು. ಎರಡು ದಿನ ಸೂರ್ಯ ಕಾಣದೇ ಇದ್ರೂ ನಿಮ್ಮನೆಯವರ ಇನ್ಸುಲಿನ್ ತಣ್ಣಗಿರುತ್ತೆ, ನನಗೆ ಬೇಕಿರೋದು ಅದು. ಹೊಸ ವಯಲ್ 2ರಿಂದ 8 ಡಿಗ್ರಿ ಒಳಗಿರಬೇಕು, ಫ್ರೀಜ್ ಅಂತೂ ಆಗ್ಲೇಬಾರದು, ಅದಕ್ಕೆ ಫ್ರಿಜ್ ಒಳಗೆ ಒಂದು ಚಿಕ್ಕ ಥರ್ಮಾಮೀಟರ್ ಆದ್ರೂ ಇಟ್ಟು ದಿನಾ ನೋಡಿ.

ಫ್ರಿಜ್ 12 ವೋಲ್ಟಿಂದೇ ತಗೊಳಿ, ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ. ಮನೆ ಫ್ರಿಜ್ ಇಟ್ರೆ ಇನ್ವರ್ಟರ್ ರಾತ್ರಿ ಹಗಲು ಆನ್ ಇರ್ಬೇಕು, ಇನ್ವರ್ಟರ್ ಸುಮ್ನೆ ಕೂತಿದ್ರೂ 10-15 ವ್ಯಾಟ್ ತಿಂತಾ ಇರುತ್ತೆ, ದಿನಕ್ಕೆ 300 ವ್ಯಾಟ್ ಅವರ್ ಯಾರಿಗೂ ಉಪಯೋಗ ಇಲ್ದೇ ಹೋಯ್ತು. ಮಿಕ್ಸಿ ಹಾಕುವಾಗ ಇನ್ವರ್ಟರ್ ಆನ್, ಆಯ್ತು ಆಫ್, ಅಷ್ಟೇ. ಕಾಗದದ ಕೊನೇಲಿ ಕಾಶಿ ಬಗ್ಗೆ ಕೇಳಿದೀರಿ, ಅದಕ್ಕೆ ಕೊನೇಲಿ ಬರ್ತೀನಿ.

ಕೆಜಿಎಫ್‌ನಿಂದ ಬರೀತಿದೀನಿ. ನಾನೇ ವೈರಿಂಗ್ ಮಾಡ್ಕೊಳ್ತಿದೀನಿ. 12 ವೋಲ್ಟಲ್ಲಿ ಶಾಕ್ ಹೊಡೆಯಲ್ವಲ್ಲ, ಮತ್ತೆ ಬೆರಳು ದಪ್ಪದ ವೈರು, ದುಬಾರಿ ಫ್ಯೂಸು ಯಾಕೆ? ಮತ್ತೆ 12 ಒಳ್ಳೇದಾ 24 ಒಳ್ಳೇದಾ?

ಈ ಪ್ರಶ್ನೆ ಕೆಜಿಎಫ್‌ನಿಂದ ಬಂದಿದ್ದು ನನಗೆ ಖುಷಿ, ಯಾಕಂದ್ರೆ ಉತ್ತರ ನಿಮ್ಮೂರ ಚರಿತ್ರೇಲೇ ಇದೆ. 1902ರಲ್ಲಿ ಶಿವನಸಮುದ್ರದಿಂದ ನಿಮ್ಮ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದ್ರು, ಬೆಂಗಳೂರಿಗೆ ಲೈಟ್ ಬಂದಿದ್ದು ಅದಾಗಿ ಮೂರು ವರ್ಷಕ್ಕೆ. ಅಷ್ಟು ದೂರ ಹೆಂಗೆ ತಂದ್ರು ಅಂದ್ರೆ ವೋಲ್ಟೇಜನ್ನ ಸಾವಿರಾರು ವೋಲ್ಟಿಗೆ ಏರಿಸಿ ತಂದ್ರು. ವೋಲ್ಟೇಜ್ ಏರಿದ್ರೆ ಅಷ್ಟೇ ಕೆಲಸಕ್ಕೆ ಆಂಪ್ ಕಮ್ಮಿ ಸಾಕು, ತಂತಿ ಬಿಸಿ ಆಗೋದು ಆಂಪಿನಿಂದ. ಆಂಪ್ ಅರ್ಧ ಆದ್ರೆ ತಂತೀಲಿ ಪೋಲಾಗೋದು ಕಾಲು ಭಾಗಕ್ಕೆ ಇಳಿಯುತ್ತೆ.

ವ್ಯಾನಲ್ಲಿ ಇದರ ಉಲ್ಟಾ. ಮನೇಲಿ 1000 ವ್ಯಾಟಿಗೆ ನಾಲ್ಕು ಚಿಲ್ಲರೆ ಆಂಪ್ ಸಾಕು, 12 ವೋಲ್ಟಲ್ಲಿ ಅದೇ 1000 ವ್ಯಾಟಿಗೆ ಇನ್ವರ್ಟರ್ ನಷ್ಟ ಸೇರಿ 90 ಆಂಪ್ ದಾಟುತ್ತೆ. ಶಾಕ್ ಹೊಡೆಯಲ್ಲ ನಿಜ, ಬೆಂಕಿ ಹತ್ತುತ್ತೆ.

ನನಗೇ ಆಗಿದ್ದು ಹೇಳ್ತೀನಿ. ಮೊದಲ ಸಲ ವ್ಯಾನ್ ಮಾಡ್ಕೊಂಡಾಗ ಇನ್ವರ್ಟರಿಗೆ ಅಂಗಡಿಯವರು 6 ಸ್ಕ್ವೇರ್ ಎಂಎಂ ವೈರ್ ಕೊಟ್ರು, ಸಾಕು ಸಾರ್ ಅಂದ್ರು, ನಾನೂ ಮನೆ ವೈರಿಂಗ್ ಮಾಡ್ಕೊಂಡು ಬಂದೋನು, ಮನೇಲಿ ಗೀಸರಿಗೂ ಅಷ್ಟು ದಪ್ಪ ಹಾಕಲ್ಲ, ಸಾಕು ಅನ್ನಿಸ್ತು. ಗುಡಿಬಂಡೆ ಕೆರೆ ಪಕ್ಕ ನಿಲ್ಲಿಸಿದ್ವಿ, ಬೆಳಗ್ಗೆ ತೆಂಗಿನಕಾಯಿ ಚಟ್ನಿಗೆ ನನ್ನ ಹೆಂಡ್ತಿ 750 ವ್ಯಾಟಿನ ಮಿಕ್ಸಿ ಹಾಕಿದ್ಲು, ಎರಡನೇ ಸಲ ತಿರುಗಿಸುವಾಗ ಮೀನಿನ ವಾಸನೆ ತರ ಒಂದು ಸುಟ್ಟ ವಾಸನೆ ಬಂತು. ಪ್ಲೈವುಡ್ ಬಿಚ್ಚಿ ನೋಡಿದ್ರೆ ಬ್ಯಾಟರಿ ಪ್ಲಸ್ ಹತ್ರ ವೈರಿನ ಕೆಂಪು ಹೊದಿಕೆ ಹಪ್ಪಳದಂಗೆ ಉಬ್ಬಿತ್ತು, ಹಿಂದಿನ ಹಲಗೆ ಅಂಗೈ ಅಗಲ ಕರ್ರಗಾಗಿತ್ತು. ಲಗ್ಗನ್ನ, ಅಂದ್ರೆ ವೈರ್ ತುದಿಯ ಲೋಹದ ಬಳೇನ, ಸುತ್ತಿಗೇಲಿ ಬಡಿದು ಕೂರಿಸಿದ್ರು, ರೋಡಿನ ಅದುರಿಗೆ ಅದು ಸಡಿಲ ಆಗಿತ್ತು. ಫ್ಯೂಸ್ ಇರಲೇ ಇಲ್ಲ. ಆ ಹಲಗೆಯ ಆಚೆಗೇ ರಾತ್ರಿ ನನ್ನ ಮಗಳು ಮಲಗಿದ್ದಳು.

ಅದಕ್ಕೇ ಇಷ್ಟು ಒತ್ತಿ ಹೇಳ್ತೀನಿ. 1000 ವ್ಯಾಟ್ ಇನ್ವರ್ಟರಿಗೆ 35 ಸ್ಕ್ವೇರ್ ಎಂಎಂ ತಾಮ್ರದ ವೈರು, ಆದಷ್ಟು ಗಿಡ್ಡ. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ 125 ಆಂಪ್ ಮೆಗಾ ಫ್ಯೂಸ್, ಲಿಥಿಯಂ ಬ್ಯಾಟರಿಗೆ ಟಿ ಕ್ಲಾಸ್ ಫ್ಯೂಸ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಶಾರ್ಟ್ ಆದ್ರೆ ಲಿಥಿಯಂ ಕೊಡೋ ಕರೆಂಟ್ ಸಾಮಾನ್ಯ ಫ್ಯೂಸ್ ತಡೆಯೋ ಮಟ್ಟದ್ದಲ್ಲ. ಫ್ಯೂಸ್ ಇರೋದು ಮಿಕ್ಸಿ ಕಾಪಾಡೋಕೆ ಅಲ್ಲ, ವೈರ್ ಕಾಪಾಡೋಕೆ, ಹಂಗಾಗಿ ಅದು ಬ್ಯಾಟರಿ ಹತ್ರಾನೇ ಇರ್ಬೇಕು, ಆಚೆ ತುದೀಲಿ ಹಾಕಿದ್ರೆ ನಡುವಿನ ವೈರಿಗೆ ದಿಕ್ಕಿಲ್ಲ. ಲಗ್‌ಗಳನ್ನ ಹೈಡ್ರಾಲಿಕ್ ಕ್ರಿಂಪರಲ್ಲಿ ಒತ್ತಿಸಿ. ಸಣ್ಣ ವೈರುಗಳಿಗೂ ಲೆಕ್ಕ ಇದೆ. 2.5 ಸ್ಕ್ವೇರ್ ವೈರು ಐದು ಮೀಟರ್ ಹೋಗಿ ಐದು ಮೀಟರ್ ವಾಪಸ್ ಬಂದ್ರೆ, 10 ಆಂಪ್ ಎಳೆದಾಗ 0.7 ವೋಲ್ಟ್ ದಾರೀಲೇ ಖರ್ಚು. 230ರಲ್ಲಿ 0.7 ಹೋದ್ರೆ ಯಾರಿಗೂ ಗೊತ್ತಾಗಲ್ಲ, 12ರಲ್ಲಿ ಅದು ನೂರಕ್ಕೆ ಆರು, ಬ್ಯಾಟರಿ ಸ್ವಲ್ಪ ಇಳಿದಿದ್ರೆ ಫ್ರಿಜ್ ಕಟ್ ಆಗಿ ಕೂರುತ್ತೆ, ನೀವು ಬ್ಯಾಟರಿ ಬೈತೀರಿ.

12ಆ 24ಆ ಅಂದ್ರೆ, ಇನ್ವರ್ಟರ್ 1000 ವ್ಯಾಟ್ ಒಳಗಿದ್ರೆ 12 ಸಾಕು, ಫ್ಯಾನು ಲೈಟು ಪಂಪು ಎಲ್ಲಾ ಸುಲಭವಾಗಿ ಸಿಗುತ್ತೆ. 2000 ದಾಟ್ತೀನಿ ಅಂದ್ರೆ 24.

ಶ್ರೀನಿವಾಸಪುರ. ಮಾವಿನ ಸೀಸನ್ನಲ್ಲಿ ಎರಡು ತಿಂಗಳು ತೋಪಲ್ಲೇ ಪಿಕಪ್‌ನಲ್ಲಿ ಮಲಗ್ತೀನಿ ಕಾವಲಿಗೆ. ಮೇಲೆ ಕ್ಯಾನೋಪಿ ಕಟ್ಟಿ 200 ವ್ಯಾಟ್ ಪ್ಯಾನಲ್ ಹಾಕ್ಸಿದೆ. ಎರಡನೇ ರಾತ್ರಿಗೇ ಬ್ಯಾಟರಿ ಖಾಲಿ. ಪ್ಯಾನಲ್ ಡೂಪ್ಲಿಕೇಟಾ?

ಪ್ಯಾನಲ್ ಸರಿ ಇದೆ, ಗಾಡಿ ನಿಂತಿರೋ ಜಾಗ ಸರಿ ಇಲ್ಲ. ನೀವೇ ಬರೆದಿದೀರಿ, ಬಾದಾಮಿ ಮಾವಿನ ಮರದ ಕೆಳಗೆ ನಿಲ್ಲಿಸ್ತೀನಿ ಅಂತ. ಪ್ಯಾನಲ್ ಒಳಗೆ ಬಿಲ್ಲೆಗಳು ಒಂದರ ಹಿಂದೆ ಒಂದು ಸಾಲಾಗಿ ಇರ್ತವೆ, ಕಾಲುವೇಲಿ ಒಂದು ಕಡೆ ಮಣ್ಣು ಕುಸಿದ್ರೆ ಹಿಂದಿನ ನೀರೆಲ್ಲ ನಿಲ್ಲುತ್ತಲ್ಲ ಹಂಗೇ, ಒಂದು ಬಿಲ್ಲೆ ಮೇಲೆ ನೆರಳು ಬಿದ್ರೆ ಆ ಸಾಲೇ ನಿಲ್ಲುತ್ತೆ. ಸಾಮಾನ್ಯವಾಗಿ ಒಂದು ಪ್ಯಾನಲಲ್ಲಿ ನೆರಳಾದ ಸಾಲನ್ನ ಬಿಟ್ಟು ಕರೆಂಟನ್ನ ಪಕ್ಕದಿಂದ ದಾಟಿಸೋ ಮೂರು ಬೈಪಾಸ್ ಡಯೋಡ್ ಇರ್ತವೆ, ಅಂದ್ರೆ ಒಂದು ಕೊಂಬೆ ನೆರಳಿಗೆ ಮೂರರಲ್ಲಿ ಒಂದು ಪಾಲು ಹೋಯ್ತು, ಮರದಡಿ ಅಂದ್ರೆ ಮೂರೂ ಪಾಲೂ ಹೋಯ್ತು.

ಹಂಗಂತ ಮೇ ತಿಂಗಳ ಬಿಸಿಲಲ್ಲಿ ಗಾಡಿ ಬಯಲಲ್ಲಿ ನಿಲ್ಲಿಸಿ ಅಂತ ನಾನು ಹೇಳಲ್ಲ, ಒಳಗೆ ಮನುಷ್ಯ ಇರೋಕಾಗಲ್ಲ, ಲಿಥಿಯಂ ಬ್ಯಾಟರೀನೂ ತುಂಬಾ ಕಾದ್ರೆ ಅದರೊಳಗಿನ ಕಾವಲು ಸರ್ಕ್ಯೂಟೇ (ಬಿಎಂಎಸ್) ಚಾರ್ಜ್ ನಿಲ್ಲಿಸಿಬಿಡುತ್ತೆ. ಗಾಡಿ ನೆರಳಲ್ಲಿರಲಿ, ಪ್ಯಾನಲ್ ಬಿಸಿಲಿಗೆ ಹೋಗಲಿ. ಮೇಲಿಂದ ಬಿಚ್ಚಿ, ಹತ್ತು ಮೀಟರ್ 6 ಸ್ಕ್ವೇರ್ ಸೋಲಾರ್ ಕೇಬಲ್ ಹಾಕಿ, ಸಾಲುಗಳ ನಡುವಿನ ಬಯಲಲ್ಲಿ ಇಡಿ, ಕಂಟ್ರೋಲರ್ ಮಾತ್ರ ಬ್ಯಾಟರಿ ಪಕ್ಕದಲ್ಲೇ ಇರಲಿ. ದಕ್ಷಿಣಕ್ಕೆ ಓರೆ ಇಡ್ಬೇಕು ಅಂತ ಯಾರೋ ಹೇಳಿರ್ತಾರೆ, ನಿಮ್ಮ ಸೀಸನ್ನಿಗೆ ಅದು ಬೇಡ. ನಮ್ಮ ಕಡೆ ಏಪ್ರಿಲ್ ಕೊನೇ ವಾರ ಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿ ಮೇಲೆ, ಜೂನಲ್ಲಿ ಸ್ವಲ್ಪ ಉತ್ತರಕ್ಕೇ ಹೋಗಿರ್ತಾನೆ, ಹಂಗಾಗಿ ಮಟ್ಟವಾಗಿ ಮಲಗಿಸಿದ್ರೇ ಚೆನ್ನಾಗಿ ಬರುತ್ತೆ. ಡಿಸೆಂಬರ್ ಜನವರಿಗೆ ಬೇಕಾದ್ರೆ ದಕ್ಷಿಣಕ್ಕೆ ಓರೆ ಮಾಡಿ.

ಚಿಂತಾಮಣಿ. ವ್ಯಾನಲ್ಲಿ ಸೋಲಾರಿಂದ 1 ಟನ್ ಎಸಿ ಓಡಿಸ್ಬಹುದಾ? ಇಂಡಕ್ಷನ್ ಸ್ಟವ್?

ಎಸಿ ಬೇಡ. ರಾತ್ರಿ ಎಂಟು ಗಂಟೆ ಓಡಿದ್ರೆ ಐದಾರು ಯೂನಿಟ್, ಅದಕ್ಕೆ ಬೇಕಾದಷ್ಟು ಪ್ಯಾನಲ್ ಹಾಕೋಕೆ ವ್ಯಾನಿನ ತಲೆ ಮೇಲೆ ಜಾಗ ಇಲ್ಲ. ಛಾವಣಿಗೆ ಒಳಗಡೆಯಿಂದ ಇನ್ಸುಲೇಶನ್ ಹೊಡಿಸಿ, ಗಾಳಿ ಎಳೆಯೋ ಒಂದು ರೂಫ್ ಫ್ಯಾನ್ ಹಾಕ್ಸಿ, ಪ್ಯಾನಲ್ಲಿಗೂ ತಗಡಿಗೂ ನಡುವೆ ಎರಡು ಮೂರು ಇಂಚು ಸಂದು ಬಿಡಿ, ಪ್ಯಾನಲ್ಲೇ ಕೊಡೆ ತರ ನೆರಳು ಕೊಡುತ್ತೆ. ಇಂಡಕ್ಷನ್ನಿಗೂ ಅದೇ ಮಾತು, ಕಾಫಿಗೆ ಪರವಾಗಿಲ್ಲ, ಮುದ್ದೆ ಸಾರು ಗ್ಯಾಸಲ್ಲೇ ಮಾಡಿ, ಬಾಗಿಲು ತೆಗೆದಿಟ್ಟು.

ಪಾವಗಡ. ನಮ್ಮೂರ ಸುತ್ತ ಎಲ್ಲಿ ನೋಡಿದ್ರೂ ಪ್ಯಾನಲ್ಲೇ. ಹಳೇ ಪ್ಯಾನಲ್ ಕಮ್ಮಿ ರೇಟಿಗೆ ಕೊಡ್ತೀವಿ ಅಂತ ಒಬ್ಬರು ಬಂದಿದ್ರು. ವ್ಯಾನಿಗೆ ಹಾಕ್ಬಹುದಾ?

2050 ಮೆಗಾವ್ಯಾಟ್, 13 ಸಾವಿರ ಎಕರೆ, ನಿಮ್ಮ ತಿರುಮಣಿ, ವಳ್ಳೂರು ಸುತ್ತ ರೈತರು ಜಮೀನು ಲೀಸಿಗೆ ಕೊಟ್ಟು ಎದ್ದ ಸೋಲಾರ್ ಪಾರ್ಕ್ ಅದು, ಮಳೆ ಕೊಡದ ಆಕಾಶ ಬಿಸಿಲಾದ್ರೂ ಕೊಡ್ತಿದೆ ಅಂತ ನಿಮ್ಮ ಕಡೆಯವರೇ ಹೇಳೋದು ಕೇಳಿದೀನಿ. ಹಳೇ ಪ್ಯಾನಲ್ ತಪ್ಪಲ್ಲ, ಆದ್ರೆ ಮೊದಲು ಬಿಲ್ ಕೇಳಿ, ಎಲ್ಲಿಂದ ಬಂತು ಅಂತ ಕಾಗದ ಇಲ್ದಿದ್ರೆ ಮುಟ್ಟಬೇಡಿ. ಕಾಗದ ಸರಿ ಇದ್ರೆ ಬಿಸಿಲಲ್ಲಿ ಇಟ್ಟು ಮಲ್ಟಿಮೀಟರಲ್ಲಿ ವೋಲ್ಟ್ ನೋಡಿ, ಹಿಂದಿನ ಲೇಬಲಲ್ಲಿ ಬರೆದಿದ್ದಕ್ಕೆ ಹತ್ತಿರ ಇರ್ಬೇಕು, ಮೂರರಲ್ಲಿ ಒಂದು ಭಾಗ ಕಮ್ಮಿ ತೋರಿಸಿದ್ರೆ ಡಯೋಡ್ ಹೋಗಿರೋ ಸಾಧ್ಯತೆ. ಹಿಂದಿನ ಬಿಳಿ ಹಾಳೆ ಬಿರುಕು ಬಿಟ್ಟಿದ್ರೆ, ಕಂದು ಸುಟ್ಟ ಕಲೆ ಇದ್ರೆ ಬಿಡಿ. ನೆಲಕ್ಕೆ ಹಾಕಿದ ಪ್ಯಾನಲ್ ಅದುರೋದಿಲ್ಲ, ವ್ಯಾನ್ ಮೇಲಿಂದು ದಿನಾ ಅದುರುತ್ತೆ, ಸಣ್ಣ ಬಿರುಕು ದೊಡ್ಡದಾಗೋಕೆ ಒಂದು ಟ್ರಿಪ್ ಸಾಕು.

ಮಧುಗಿರಿ. ವ್ಯಾನ್ ಸೋಲಾರಿಗೆ ಸಬ್ಸಿಡಿ ಇದ್ಯಾ? ಆರ್‌ಟಿಒ ಏನಾದ್ರೂ ಅಂತಾರಾ?

ಸಬ್ಸಿಡಿ ಇಲ್ಲ. 2024ರ ಫೆಬ್ರವರೀಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೇಲಿ 3 ಕಿಲೋವ್ಯಾಟಿಗೆ 78 ಸಾವಿರ ರೂಪಾಯಿ ತನಕ ಬರುತ್ತಲ್ಲ, ಅದು ಕರೆಂಟ್ ಲೈನಿಗೆ ಜೋಡಿಸಿದ ಮನೆ ಛಾವಣಿಗೆ ಮಾತ್ರ. ಆರ್‌ಟಿಒ ವಿಷಯ ಹಗುರ ಮಾಡ್ಕೋಬೇಡಿ. 1988ರ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್‌ಸೀಲಿ ಇರೋ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಂಗಿಲ್ಲ. ಸೀಟ್ ತೆಗೆಯೋದು ಅಂದ್ರೆ ಅದೇ. ಮರದ ಕೆಲಸದವರಿಗೆ ಅಡ್ವಾನ್ಸ್ ಕೊಡೋ ಮೊದಲೇ ಆರ್‌ಸಿ ತಗೊಂಡು ಹೋಗಿ ಮಾತಾಡಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಮೊದಲು ಬರೆದ ಮೇಷ್ಟ್ರಿಗೂ ಇದೇ ಮಾತು.

ಗೌರಿಬಿದನೂರು. ಜುಲೈನಲ್ಲಿ ಮಲೆನಾಡಿಗೆ ಹೋದಾಗ ಮೂರು ದಿನಕ್ಕೆ ಎಲ್ಲಾ ಆಫ್. ಪ್ಯಾನಲ್ ಇನ್ನೊಂದು ಹಾಕ್ಸಲಾ?

ಬೇಡ. ಆಗುಂಬೆ ಮಳೇಲಿ ಎಷ್ಟು ಪ್ಯಾನಲ್ ಇದ್ರೂ ಅಷ್ಟೇ. ಇಂಜಿನ್ನಿಂದ ಚಾರ್ಜ್ ಮಾಡ್ಕೊಳಿ, ಡಿಸಿ-ಡಿಸಿ ಚಾರ್ಜರ್ ಅಂತ ಸಿಗುತ್ತೆ, 30 ಆಂಪಿಂದು ಹಾಕಿದ್ರೆ ಎರಡು ಗಂಟೆ ಓಡಿಸೋದ್ರಲ್ಲಿ 800 ವ್ಯಾಟ್ ಅವರ್ ತುಂಬುತ್ತೆ. ಇಂಜಿನ್ ಜೊತೆ ತಿರುಗಿ ಕರೆಂಟ್ ಕೊಡೋ ಆಲ್ಟರ್ನೇಟರಿಂದ ಲಿಥಿಯಂಗೆ ನೇರ ವೈರ್ ಎಳೀಬೇಡಿ, ಖಾಲಿ ಲಿಥಿಯಂ ಸಿಕ್ಕಿದಷ್ಟೂ ಎಳೀತಾ ಇರುತ್ತೆ, ಆಲ್ಟರ್ನೇಟರ್ ಸುಟ್ಟು ಹೋಗುತ್ತೆ. ರಾಗಿ ಒಕ್ಕಣೆ ಕಾಲದಲ್ಲಿ ರೋಡಿನ ಧೂಳಿಗೆ ಪ್ಯಾನಲ್ ಮಂಕಾಗುತ್ತೆ ಅಂತಾನೂ ಬರೆದಿದೀರಿ. ಬೆಳಗ್ಗೆ ಗಾಜು ತಣ್ಣಗಿರುವಾಗ ಬರೀ ನೀರು ಮೆತ್ತನೆ ಬಟ್ಟೆ, ಮಧ್ಯಾಹ್ನ ಕಾದ ಗಾಜಿಗೆ ನೀರು ಎರಚಬೇಡಿ.

ಮತ್ತೆ ಮೇಷ್ಟ್ರು: ಎಲ್ಲಾ ಆದ ಮೇಲೆ ಸಂಕ್ರಾಂತಿ ಹೊತ್ತಿಗೆ ಸೀದಾ ಕಾಶಿಗೆ ಹೊರಡೋಣ ಅಂತಿದೀವಿ. ಆಗುತ್ತಾ?

ಸಂಕ್ರಾಂತಿಗೆ ಬೇಡ ಮೇಷ್ಟ್ರೇ. ಆ ಹೊತ್ತಲ್ಲಿ ಆ ಕಡೆ ಮಂಜು, ಎಷ್ಟೋ ದಿನ ಮಧ್ಯಾಹ್ನದ ತನಕ ಸೂರ್ಯ ಮುಖ ತೋರಿಸಲ್ಲ. ಕಾಶಿ ನಮಗಿಂತ 12 ಡಿಗ್ರಿ ಉತ್ತರಕ್ಕಿದೆ, ಚಳಿಗಾಲದಲ್ಲಿ ಸೂರ್ಯ ತಗ್ಗಲ್ಲೇ ಓಡಾಡ್ತಾನೆ, ಮಟ್ಟವಾಗಿ ಕೂರಿಸಿದ ಪ್ಯಾನಲ್ಲಿಗೆ ನಮ್ಮೂರಿಗಿಂತ ತುಂಬಾ ಕಮ್ಮಿ ಬರುತ್ತೆ. ಶಿವರಾತ್ರಿ ಕಳೆದ ಮೇಲೆ ಹೊರಡಿ, ಗೌರಿಬಿದನೂರಿನವರಿಗೆ ಹೇಳಿದ ಡಿಸಿ-ಡಿಸಿ ಚಾರ್ಜರ್ ನೀವೂ ಹಾಕ್ಸಿ.

ಅದಕ್ಕೂ ಮೊದಲು ಮೂರು ರಾತ್ರಿ ದೇವರಾಯನದುರ್ಗದ ಕಡೆ ಹೋಗಿ ಇದ್ದು ಬನ್ನಿ, ಮನೆ ಇಪ್ಪತ್ತು ಕಿಲೋಮೀಟರ್ ಒಳಗೇ ಇರುತ್ತೆ, ಏನೇ ಆದ್ರೂ ಇನ್ಸುಲಿನ್ ಒಂದು ಗಂಟೇಲಿ ಮನೆ ಫ್ರಿಜ್ ಸೇರುತ್ತೆ. ಬ್ಯಾಟರಿಗೆ ಶಂಟ್ (ಒಳಗೆ ಹೋಗೋ, ಹೊರಗೆ ಬರೋ ಕರೆಂಟ್ ಅಳೆಯೋ ತುಂಡು) ಇರೋ ಮಾನಿಟರ್ ಹಾಕ್ಸಿರಿ, ಲಿಥಿಯಂ ಬಹುಪಾಲು ಹೊತ್ತು 13.2ರ ಆಸುಪಾಸಲ್ಲೇ ನಿಂತಿರೋದ್ರಿಂದ ಬರೀ ವೋಲ್ಟ್ ನೋಡಿದ್ರೆ ಎಷ್ಟು ಉಳಿದಿದೆ ಅಂತ ತಿಳಿಯಲ್ಲ. ಮೂರೂ ದಿನ ಸೂರ್ಯ ಹುಟ್ಟೋ ಮೊದಲು ನೂರಕ್ಕೆ ಎಷ್ಟು ಉಳಿದಿದೆ, ಫ್ರಿಜ್ ಒಳಗೆ ಎಷ್ಟು ಡಿಗ್ರಿ, ಎರಡೂ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಆಮೇಲೆ ಎಲ್ಲಾ ಬೋಲ್ಟು ಲಗ್ಗು ಕೈಯಿಂದ ಅಲ್ಲಾಡಿಸಿ ನೋಡಿ, ಬಿಸಿ ಇದ್ಯಾ ಮುಟ್ಟಿ ನೋಡಿ. ಆ ಪುಟದ ಫೋಟೋ ನನಗೆ ಕಳಿಸಿ, ಹೊರಡೋ ಮೊದಲು ನಾನೂ ಒಂದು ಸಲ ನೋಡ್ತೀನಿ.